ಆಪರೇಷನ್ ಥಿಯೇಟರಿನ ಪಕ್ಕ ಮಾಸ್ ಸ್ಪೆಕ್ಟ್ರೋಮೀಟರ್: ಯಾವುದು ತಿಳಿಯುತ್ತದೆ, ಯಾವುದು ತಿಳಿಯದು

ಮಾನ್ಯ ಸಂಪಾದಕರೇ,

ಮಿದುಳಿನ ಗೆಡ್ಡೆ ತೆಗೆಯುತ್ತಿರುವಾಗಲೇ ಅದರ ಜೀನ್ ದೋಷವನ್ನು ಕೆಲವೇ ನಿಮಿಷಗಳಲ್ಲಿ ಹೇಳುವ ಯಂತ್ರ ಬಂದಿದೆ ಎಂಬ ಸುದ್ದಿ ಈಚೆಗೆ ಆಗಾಗ ಅಚ್ಚಾಗುತ್ತಿದೆ. ಸುದ್ದಿ ಸುಳ್ಳಲ್ಲ, ಆದರೆ ಮುಖ್ಯ ಭಾಗವೇ ಬಿಟ್ಟುಹೋಗಿರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಈ ಯಂತ್ರ ಇಲ್ಲಿ ಡಿಎನ್‌ಎಯನ್ನು ನೋಡುವುದೇ ಇಲ್ಲ. ಕೆಟ್ಟ ಜೀನ್‌ನಿಂದ ಹುಟ್ಟಿದ ಕಿಣ್ವವೊಂದು ಗೆಡ್ಡೆಯೊಳಗೆ ಗುಡ್ಡೆ ಹಾಕಿರುವ ಒಂದು ಸಣ್ಣ ಆಮ್ಲವನ್ನು ಅದು ಅಳೆಯುತ್ತದೆ, ಅಷ್ಟೆ. ಈ ವಿಧಾನದ ಬಲವೂ ಮಿತಿಯೂ ಈ ಒಂದು ಸಂಗತಿಯಿಂದಲೇ ಹೊರಡುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ನಮ್ಮ ಆಸ್ಪತ್ರೆಗಳು ಇಂಥ ಯಂತ್ರ ಕೊಳ್ಳುವ ಮಾತಾಡುವ ಮುನ್ನ ಮಾಡಬೇಕಾದ ಕೆಲಸ ಬೇರೆಯೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಜೀನ್‌ನ ಹೆಸರು ಐಡಿಎಚ್1. ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ತಯಾರಿಸುವ ಜೀನ್ ಇದು. 2008ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ನೇತೃತ್ವದ ತಂಡವೊಂದು 22 ಗ್ಲಯೋಬ್ಲಾಸ್ಟೋಮಾ (ಮಿದುಳಿನ ಅತಿ ಉಗ್ರ ಬಗೆಯ ಕ್ಯಾನ್ಸರ್) ಗೆಡ್ಡೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಜಾಲಾಡಿದಾಗ, ಯಾರೂ ಊಹಿಸದಿದ್ದ ಈ ಚಯಾಪಚಯದ ಜೀನ್ ಮತ್ತೆ ಮತ್ತೆ ಸಿಕ್ಕಿತು. ಕಿಣ್ವದ 132ನೇ ಸ್ಥಾನದಲ್ಲಿರಬೇಕಾದ ಆರ್ಜಿನಿನ್ ಬದಲಾಗಿ ಬಹುಮಟ್ಟಿಗೆ ಹಿಸ್ಟಿಡಿನ್ ಬಂದು ಕೂತಿರುತ್ತದೆ. ಇದನ್ನೇ ಆರ್132ಎಚ್ ಎನ್ನುತ್ತಾರೆ. ಗ್ಲಯೋಮಾಗಳಲ್ಲಿ, ಅಂದರೆ ಮಿದುಳಿನ ಪೋಷಕ ಕೋಶಗಳ ಬಗೆಯ ಗೆಡ್ಡೆಗಳಲ್ಲಿ, ಕಾಣುವ ಐಡಿಎಚ್1 ದೋಷಗಳಲ್ಲಿ ಸುಮಾರು ಶೇ 90 ಇದೇ. ಇದರ ಸೋದರ ಜೀನ್ ಐಡಿಎಚ್2ರಲ್ಲಿ 172ನೇ ಸ್ಥಾನ ಕೆಡುತ್ತದೆ, ಆದರೆ ಅದು ಅಪರೂಪ.

ಮರುವರ್ಷ, ಅಂದರೆ 2009ರಲ್ಲಿ, ಈ ದೋಷ ಏನು ಮಾಡುತ್ತದೆ ಎಂಬುದು ಗೊತ್ತಾಯಿತು. ಸರಿಯಾದ ಕಿಣ್ವ ಐಸೊಸಿಟ್ರೇಟನ್ನು ಆಲ್ಫಾ ಕೀಟೊಗ್ಲುಟರೇಟ್ ಆಗಿ ಬದಲಿಸುತ್ತದೆ. ಕೆಟ್ಟ ಕಿಣ್ವ ಆ ಆಲ್ಫಾ ಕೀಟೊಗ್ಲುಟರೇಟನ್ನು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಆಮ್ಲವಾಗಿ ಮಾರ್ಪಡಿಸುತ್ತಲೇ ಹೋಗುತ್ತದೆ. ಇನ್ನು ಮುಂದೆ ಇದನ್ನು 2-ಎಚ್‌ಜಿ ಎನ್ನೋಣ. ಆರೋಗ್ಯವಂತ ಮಿದುಳಿನಲ್ಲಿ ಇದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ದೋಷವಿರುವ ಗೆಡ್ಡೆಯಲ್ಲಿ ಒಂದು ಗ್ರಾಂ ಅಂಗಾಂಶಕ್ಕೆ 5ರಿಂದ 35 ಮೈಕ್ರೊಮೋಲ್‌ವರೆಗೆ ಕಂಡುಬಂದಿದೆ, ಅಂದರೆ ಕೆಲವೊಮ್ಮೆ ಮಾಮೂಲಿಗಿಂತ ನೂರು ಪಟ್ಟು. ಕ್ಯಾನ್ಸರ್ ಪತ್ತೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಸಿಗುವುದು ಬಹಳ ಅಪರೂಪ. ರಕ್ತದ ಟ್ಯೂಮರ್ ಮಾರ್ಕರ್‌ಗಳಲ್ಲಿ ಎರಡು ಮೂರು ಪಟ್ಟು ಏರುಪೇರಿಗೇ ನಾವು ತಲೆಕೆಡಿಸಿಕೊಳ್ಳುವವರು. ಗೆಡ್ಡೆಯ ಚೂರು ಎಷ್ಟೇ ಸಣ್ಣದಿದ್ದರೂ, ಶುದ್ಧೀಕರಣ ಮಾಡದೆ ಒರಟಾಗಿಯೇ ಅಳೆದರೂ ಉತ್ತರ ಸಿಗುವುದು ಈ ಅಂತರದಿಂದ.

ಆಪರೇಷನ್ ನಡುವೆ ಇದು ತಿಳಿದು ಏನು ಪ್ರಯೋಜನ? ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದ ಪ್ರಕಾರ ವಯಸ್ಕರ ಹರಡುವ ಗ್ಲಯೋಮಾಗಳ ಮೊದಲ ಕವಲೇ ಐಡಿಎಚ್. ದೋಷವಿದ್ದರೆ ಆಸ್ಟ್ರೋಸೈಟೋಮಾ ಅಥವಾ ಆಲಿಗೊಡೆಂಡ್ರೋಗ್ಲಯೋಮಾ. ಇಲ್ಲದಿದ್ದರೆ ಹೆಚ್ಚಿನಂಶ ಗ್ಲಯೋಬ್ಲಾಸ್ಟೋಮಾ. ಮೊದಲ ಗುಂಪಿನ ರೋಗಿ ಹತ್ತು ವರ್ಷ, ಅದಕ್ಕೂ ಮಿಕ್ಕಿ ಬದುಕುವ ಸಾಧ್ಯತೆ ಇದೆ. ಗ್ಲಯೋಬ್ಲಾಸ್ಟೋಮಾದಲ್ಲಿ ಶಸ್ತ್ರಚಿಕಿತ್ಸೆ, ರೇಡಿಯೇಷನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ಮೂರನ್ನೂ ಕೊಟ್ಟ ದೊಡ್ಡ ಪ್ರಯೋಗದಲ್ಲೂ ಮಧ್ಯಮ ಆಯುಷ್ಯ 15 ತಿಂಗಳ ಆಸುಪಾಸಿನಲ್ಲೇ ಇತ್ತು. ಐಡಿಎಚ್ ದೋಷವಿರುವ ಆಸ್ಟ್ರೋಸೈಟೋಮಾದಲ್ಲಿ ಎಂಆರ್‌ಐಯಲ್ಲಿ ಡೈ ಹಿಡಿದು ಹೊಳೆಯುವ ಭಾಗವನ್ನಷ್ಟೇ ಅಲ್ಲದೆ, ಹೊಳೆಯದ ಭಾಗವನ್ನೂ ಆದಷ್ಟು ತೆಗೆದರೆ ಲಾಭವಿದೆ ಎಂಬುದಕ್ಕೆ 2014ರಿಂದಲೇ ಆಧಾರಗಳಿವೆ. ಹಾಗಾಗಿ ಮಾತಿನ ಕೇಂದ್ರದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ನಿಂತ ಶಸ್ತ್ರವೈದ್ಯರಿಗೆ, ಮುಂದಿನ ಐದು ಮಿಲಿಮೀಟರ್ ತೆಗೆಯುವ ಅಪಾಯಕ್ಕೆ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಈ ಮಾಹಿತಿ ನೇರವಾಗಿ ತಟ್ಟುತ್ತದೆ. ಗ್ಲಯೋಬ್ಲಾಸ್ಟೋಮಾದಲ್ಲಿ 5-ಎಎಲ್‌ಎ ಎಂಬ ಔಷಧ ಕುಡಿಸಿ ನೀಲಿ ಬೆಳಕಿನಡಿ ಗೆಡ್ಡೆ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡಿ ಕತ್ತರಿಸಬಹುದು. ಕೆಳ ದರ್ಜೆಯ ಐಡಿಎಚ್ ಗೆಡ್ಡೆಗಳು ಬಹುತೇಕ ಹೊಳೆಯುವುದಿಲ್ಲ. ಕಣ್ಣಿಗೂ ಕೈಗೂ ಅವು ಸುತ್ತಲಿನ ಮಿದುಳಿನಂತೆಯೇ. ಅಲ್ಲಿ ರಾಸಾಯನಿಕ ಸುಳಿವೊಂದೇ ಗತಿ.

ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ: ಥಿಯೇಟರಿನಿಂದ ಬಂದ ಚೂರನ್ನು ಪೆಥಾಲಜಿಸ್ಟ್ ಎರಡು ಸ್ಲೈಡ್‌ಗಳ ನಡುವೆ ಒತ್ತಿ ಸ್ಕ್ವಾಶ್ ಸ್ಮಿಯರ್ ಮಾಡುತ್ತಾರೆ, ಇನ್ನೊಂದು ಭಾಗವನ್ನು ಘನೀಕರಿಸಿ ಫ್ರೋಜನ್ ಸೆಕ್ಷನ್ ಕತ್ತರಿಸುತ್ತಾರೆ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಗ್ಲಯೋಮಾ ಹೌದೋ ಅಲ್ಲವೋ, ದರ್ಜೆ ಹೆಚ್ಚೋ ಕಡಿಮೆಯೋ, ಲಿಂಫೋಮಾ ಇರಬಹುದೇ ಎಂಬುದು ಫೋನಿನಲ್ಲಿ ಹೋಗುತ್ತದೆ. ಲಿಂಫೋಮಾ ಎಂದಾದರೆ ಆಪರೇಷನ್ ಅಲ್ಲಿಗೇ ನಿಲ್ಲುತ್ತದೆ, ಅದಕ್ಕೆ ಮದ್ದು ಕೀಮೋಥೆರಪಿ. ಐಡಿಎಚ್ ಮಾತ್ರ ಆಗ ಗೊತ್ತಾಗುವುದಿಲ್ಲ. ಆರ್132ಎಚ್‌ಗೆ ಅಂಟುವ ಆ್ಯಂಟಿಬಾಡಿ ಹಾಕಿ ಬಣ್ಣ ಬರಿಸಲು ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುವುದೆಲ್ಲ ಮುಗಿಯಬೇಕು. ಒಂದೆರಡು ದಿನ ಹಿಡಿಯುತ್ತದೆ. ಜೀನ್‌ನ ಅಕ್ಷರಗಳನ್ನೇ ಓದುವ ಸೀಕ್ವೆನ್ಸಿಂಗ್‌ಗೆ ವಾರಗಳೇ ಬೇಕಾಗಬಹುದು.

ಯಂತ್ರದ ಕಡೆಗೆ ಬರೋಣ. ಮಾಸ್ ಸ್ಪೆಕ್ಟ್ರೋಮೀಟರ್ ಹೊಸದೇನಲ್ಲ. ಅಣುವಿಗೆ ವಿದ್ಯುದಂಶ ಕೊಟ್ಟು, ನಿರ್ವಾತದಲ್ಲಿ ಅದರ ತೂಕವನ್ನು ಅಂದಾಜು ಮಾಡುವ ಸಾಧನ ಅದು. ಹಿಂದೆ ಮಾದರಿಯನ್ನು ಅರೆದು, ಸೋಸಿ, ಕ್ರೊಮಟೋಗ್ರಫಿ ಕೊಳವೆಯೊಳಗೆ ಹಾಯಿಸಿ ಆಮೇಲೆ ಯಂತ್ರಕ್ಕೆ ಕೊಡಬೇಕಿತ್ತು. 2004ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ಅವರ ತಂಡ ಈ ಸಿದ್ಧತೆಯನ್ನೇ ಕೈಬಿಟ್ಟು, ತೆರೆದ ಗಾಳಿಯಲ್ಲಿಟ್ಟ ಮಾದರಿಯ ಮೇಲೆ ವಿದ್ಯುದಾವಿಷ್ಟ ದ್ರಾವಕದ ತುಂತುರು ಹಾಯಿಸಿತು. ಇದಕ್ಕೆ ಡೆಸಿ ಎಂದು ಹೆಸರು. ತುಂತುರಿನ ಹನಿ ಸ್ಲೈಡಿಗೆ ಬಡಿದು, ಅಲ್ಲಿದ್ದ ಅಣುಗಳನ್ನು ಕರಗಿಸಿಕೊಂಡು, ಇನ್ನೂ ಸಣ್ಣ ಹನಿಗಳಾಗಿ ಚಿಮ್ಮಿ ಯಂತ್ರದ ಬಾಯಿಗೆ ಹೋಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ ಒಂದೆರಡು ಮೈಕ್ರೊಲೀಟರ್ ದ್ರಾವಕ, ಸುಮಾರು 5 ಸಾವಿರ ವೋಲ್ಟ್, ತುಂತುರನ್ನು ನೂಕಲು ಒತ್ತಡದ ನೈಟ್ರೋಜನ್. ಪೆಥಾಲಜಿಸ್ಟರ ಸ್ಮಿಯರ್ ಸ್ಲೈಡನ್ನೇ ಇದಕ್ಕೆ ಕೊಡಬಹುದು ಎಂಬುದನ್ನು ನೆನಪಿಡಿ. ಕರ್ನಾಟಕದ ಮಾತು ಬಂದಾಗ ಅದಕ್ಕೆ ಮರಳುತ್ತೇವೆ. ಇನ್ನೊಂದು ದಾರಿ ಕಾಗದದ ತುಂಡು: ಅಂಗಾಂಶವನ್ನು ಅದಕ್ಕೆ ತಾಗಿಸಿ, ಮೆಥನಾಲ್ ಬೆರೆತ ದ್ರಾವಕದ ಹನಿ ಹಾಕಿ, ಕೆಲವು ಸಾವಿರ ವೋಲ್ಟ್ ಕೊಟ್ಟರೆ ತುದಿಯಿಂದಲೇ ಅಯಾನುಗಳು, ಅಂದರೆ ವಿದ್ಯುದಂಶ ಪಡೆದ ಅಣುಗಳು, ಚಿಮ್ಮುತ್ತವೆ. ಒಂದು ಚೂರಿಗೆ ಒಂದು ಕಾಗದ, ಆಮೇಲೆ ಕಸದ ಬುಟ್ಟಿಗೆ.

ಇಂಪೀರಿಯಲ್ ಕಾಲೇಜಿನ ಐನೈಫ್ (2013), ಟೆಕ್ಸಸ್ ವಿಶ್ವವಿದ್ಯಾಲಯದ ಮಾಸ್‌ಸ್ಪೆಕ್ ಪೆನ್ (2017) ಎಂಬ ಹೆಸರುಗಳೂ ಸುದ್ದಿಯಲ್ಲಿ ಬೆರೆತು ಬರುತ್ತವೆ. ಮೊದಲನೆಯದು ಕಾಟರಿಯಿಂದ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಉಪಕರಣ) ಏಳುವ ಹೊಗೆಯನ್ನು ಹೀರಿ ಕೊಬ್ಬಿನಂಶಗಳನ್ನು ಓದುತ್ತದೆ, ಎರಡನೆಯದು ಅಂಗಾಂಶದ ಮೇಲೆ ಒಂದು ಹನಿ ನೀರನ್ನು ಮೂರು ಸೆಕೆಂಡ್ ಇಟ್ಟು ಎಳೆದುಕೊಳ್ಳುತ್ತದೆ. ಅವು ಬೇರೆ ಕಥೆ.

2-ಎಚ್‌ಜಿಯನ್ನು ಋಣ ಅಯಾನುಗಳ ಕ್ರಮದಲ್ಲಿ ಅಳೆಯುತ್ತಾರೆ. ಒಂದು ಪ್ರೋಟಾನ್ ಕಳೆದುಕೊಂಡ ಅದರ ಅಯಾನು ಯಂತ್ರದ ತೂಕದ ಅಳತೆಯಲ್ಲಿ 147ರಲ್ಲಿ ಕಾಣುತ್ತದೆ. 147ರಲ್ಲಿ ಬೇರೆ ಅಣುಗಳೂ ಇರಬಹುದಾದ್ದರಿಂದ ಅಷ್ಟನ್ನೇ ನಂಬುವಂತಿಲ್ಲ. ಹಾಗಾಗಿ ಯಂತ್ರದೊಳಗೇ ಆ ಅಯಾನನ್ನು ಪ್ರತ್ಯೇಕಿಸಿ, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯುತ್ತಾರೆ. ನೀರಿನ ಅಣುವೊಂದು ಕಳಚಿ 129 ಉಳಿಯುತ್ತದೆ. 147ರಿಂದ 129 — ಇದೇ ಅದರ ಗುರುತು. ಪಕ್ಕದಲ್ಲೇ ಗ್ಲುಟಮೇಟ್ ಇದೆ: 146ರಿಂದ 128. ಎರಡರ ಅನುಪಾತವೇ ಅಂತಿಮ ಸಂಖ್ಯೆ.

ಅನುಪಾತ ಏಕೆ? ಸ್ಲೈಡಿನ ಮೇಲೆ ಎಷ್ಟು ಅಂಗಾಂಶ ಬಿತ್ತು, ಅದರಲ್ಲಿ ರಕ್ತ ಎಷ್ಟು, ಸಲೈನ್ ಎಷ್ಟು ಎಂಬುದನ್ನು ಥಿಯೇಟರಿನ ಗಡಿಬಿಡಿಯಲ್ಲಿ ತೂಗುವವರಿಲ್ಲ. 2-ಎಚ್‌ಜಿಯ ಸಂಕೇತ ದೊಡ್ಡದಿದ್ದರೆ ಗೆಡ್ಡೆಯಿಂದ ದೊಡ್ಡದಾಯಿತೋ, ಚೂರೇ ದೊಡ್ಡದಿತ್ತೋ ಹೇಳಲಾಗದು. ಗ್ಲುಟಮೇಟ್ ಮಿದುಳಿನಲ್ಲಿ ಎಲ್ಲೆಡೆ ಧಾರಾಳವಾಗಿರುವ ವಸ್ತು. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಚೂರಿನ ಗಾತ್ರ ಲೆಕ್ಕದಿಂದ ಹೊರಗೆ ಹೋಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ತೂಕದ, ಒಂದೇ ಬಗೆಯ ಆಮ್ಲಗಳಾದ್ದರಿಂದ ಅಯಾನಾಗುವಾಗಿನ ಏರುಪೇರೂ ಬಹುಮಟ್ಟಿಗೆ ಎರಡಕ್ಕೂ ಒಟ್ಟಿಗೇ ತಟ್ಟುತ್ತದೆ.

ಇಲ್ಲಿ ಒಂದು ತಾಂತ್ರಿಕ ಗಂಟಿದೆ. ಸುದ್ದಿಯಲ್ಲಿ ಇದು ಎಂದೂ ಬರುವುದಿಲ್ಲ, ಆದರೆ ಯಂತ್ರದ ಮುಂದೆ ಕೂರುವವರು ಮೊದಲು ಎಡವುವುದು ಇಲ್ಲೇ. ಪ್ರಕೃತಿಯಲ್ಲಿರುವ ಇಂಗಾಲದಲ್ಲಿ ಶೇ 1.1ರಷ್ಟು ಭಾರದ ಇಂಗಾಲ, ಅಂದರೆ ಕಾರ್ಬನ್-13. ಗ್ಲುಟಮೇಟಿನಲ್ಲಿ ಐದು ಇಂಗಾಲಗಳಿವೆ. ಹಾಗಾಗಿ ಗ್ಲುಟಮೇಟ್ ಅಣುಗಳಲ್ಲಿ ಶೇ 5ರಿಂದ 6ರಷ್ಟು 146ರಲ್ಲಿರದೆ 147ರಲ್ಲಿ ಕೂತಿರುತ್ತವೆ. ನೀರು ಕಳೆದುಕೊಂಡರೂ ಐದೂ ಇಂಗಾಲ ಹಾಗೇ ಉಳಿಯುವುದರಿಂದ ಅವೂ 129ಕ್ಕೇ ಬರುತ್ತವೆ. 2-ಎಚ್‌ಜಿ ಇಲ್ಲವೇ ಇಲ್ಲದ ಮಿದುಳಿನ ಚೂರಿನಲ್ಲೂ ಅನುಪಾತ ಸೊನ್ನೆ ಬಾರದೆ 0.05ರ ಆಚೀಚೆ ನಿಲ್ಲುವುದು ಇದೇ ಕಾರಣಕ್ಕೆ. 146ನ್ನು ಬಿಟ್ಟು 147ನ್ನು ಮಾತ್ರ ಹಿಡಿಯುವ ಕಿಂಡಿ ಸ್ವಲ್ಪ ಅಗಲವಾಗಿ ತೆರೆದಿದ್ದರೆ 146ರ ಅಯಾನುಗಳೂ ನುಸುಳಿ ಲೆಕ್ಕ ಇನ್ನಷ್ಟು ಕೆಡುತ್ತದೆ. ಅತಿ ಸೂಕ್ಷ್ಮವಾಗಿ ತೂಗುವ ಯಂತ್ರಕ್ಕೆ ಈ ಸಮಸ್ಯೆ ಇಲ್ಲ, 2-ಎಚ್‌ಜಿ 147.030ರಲ್ಲಿ, ಭಾರದ ಗ್ಲುಟಮೇಟ್ 147.049ರಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಟೇಬಲ್ ಮೇಲೆ ಕೂರುವ ಪುಟ್ಟ ಅಯಾನ್ ಟ್ರ್ಯಾಪ್ ಯಂತ್ರಕ್ಕೆ ಆ ಸೂಕ್ಷ್ಮತೆ ಇಲ್ಲ. ಆದ್ದರಿಂದ ದೋಷ ಇದೆ, ಇಲ್ಲ ಎಂದು ಬೇರ್ಪಡಿಸುವ ಒಂದು ಆಸ್ಪತ್ರೆಯ ಗಡಿಸಂಖ್ಯೆಯನ್ನು ಇನ್ನೊಂದು ಆಸ್ಪತ್ರೆ ಎರವಲು ತರುವಂತಿಲ್ಲ. ತನ್ನದೇ ಯಂತ್ರದಲ್ಲಿ, ತನ್ನದೇ ಕಿಂಡಿಯ ಅಗಲದಲ್ಲಿ, ಸೀಕ್ವೆನ್ಸಿಂಗ್‌ನಿಂದ ಖಾತರಿಯಾದ ಎರಡೂ ಬಗೆಯ ಗೆಡ್ಡೆಗಳನ್ನಿಟ್ಟು ಗಡಿ ಹಾಕಿಕೊಳ್ಳಬೇಕು.

ಆಪರೇಷನ್ ನಡೆಯುತ್ತಿರುವಾಗಲೇ 2-ಎಚ್‌ಜಿ ಅಳೆಯಬಹುದೆಂದು 2014ರಲ್ಲಿ ತೋರಿಸಿದ್ದು ಬಾಸ್ಟನ್ನಿನ ಬ್ರಿಗಾಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ನಟಾಲಿ ಅಗರ್ ಮತ್ತು ಸಂಗಡಿಗರು, ಕುಕ್ಸ್ ಅವರ ಜೊತೆಗೂಡಿ. ಹತ್ತು ವರ್ಷದ ಬಳಿಕ, 2024ರಲ್ಲಿ ಪ್ರಕಟವಾದ ಅಧ್ಯಯನ ಇನ್ನಷ್ಟು ಗಟ್ಟಿ. ಅಮೆರಿಕದ ಜಾಕ್ಸನ್‌ವಿಲ್‌ನ ಮೇಯೋ ಕ್ಲಿನಿಕ್ ಮತ್ತು ಶಾಂಘೈನ ಹುವಾಶಾನ್ ಆಸ್ಪತ್ರೆ — ಎರಡು ತಂಡ, ಎರಡು ಬೇರೆ ಯಂತ್ರ, ಅಯಾನು ಮಾಡುವ ಎರಡು ಬೇರೆ ವಿಧಾನ. ಮೇಯೋದಲ್ಲಿ 31 ರೋಗಿಗಳು, ಹುವಾಶಾನ್‌ನಲ್ಲಿ 74. ಗೆಡ್ಡೆಯ ನಡುಭಾಗದಿಂದ ತೆಗೆದ ಚೂರುಗಳಲ್ಲಿ ಒಬ್ಬ ರೋಗಿಯ ವರ್ಗೀಕರಣವೂ ತಪ್ಪಲಿಲ್ಲ. ಶೇ 100 ಎಂಬ ತಲೆಬರಹ ಬಂದದ್ದು ಇಲ್ಲಿಂದ. ‘ನಡುಭಾಗದಿಂದ’ ಎಂಬ ಪದವನ್ನು ತಲೆಬರಹ ನುಂಗಿಹಾಕಿತು. ಸಂಖ್ಯೆಯೂ ದೊಡ್ಡದೇನಲ್ಲ: 105 ಜನರಲ್ಲಿ ಒಂದೂ ತಪ್ಪಿಲ್ಲ ಎಂದರೆ, ನಿಜವಾದ ತಪ್ಪಿನ ಪ್ರಮಾಣ ಶೇ 3ರವರೆಗೂ ಇದ್ದೀತು ಎಂಬುದು ಸಂಖ್ಯಾಶಾಸ್ತ್ರದ ಸರಳ ಲೆಕ್ಕ. ನಮಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಒಂದು, ಗೆಡ್ಡೆ ಮುಗಿಯಿತು ಎಂದುಕೊಂಡ ಅಂಚಿನಲ್ಲೂ 2-ಎಚ್‌ಜಿ ಹೆಚ್ಚಾಗಿ ಸಿಕ್ಕಿತು. ಇನ್ನೊಂದು, ಗ್ಲಯೋಸಿಸ್ ಮತ್ತು ಐಡಿಎಚ್ ಗ್ಲಯೋಮಾಗಳ ಗೊಂದಲವನ್ನು ಯಂತ್ರ ಬಿಡಿಸಿತು. ಗ್ಲಯೋಸಿಸ್ ಎಂದರೆ ಗಾಯಗೊಂಡ ಮಿದುಳಿನ ಪೋಷಕ ಕೋಶಗಳು ತಾವಾಗಿ ಹೆಚ್ಚುವುದು. ಚದುರಿದ ಕೆಳ ದರ್ಜೆಯ ಗೆಡ್ಡೆಯೂ ಸ್ಮಿಯರಿನಲ್ಲಿ ಹಾಗೇ ಕಾಣುತ್ತದೆ. ಎಷ್ಟೇ ಅನುಭವಿ ಪೆಥಾಲಜಿಸ್ಟ್ ಆದರೂ ಫೋನ್ ಹಿಡಿದು ತಡವರಿಸುವ ಜಾಗ ಅದು.

ಇನ್ನೊಂದು ಲಾಭ: ಆ್ಯಂಟಿಬಾಡಿ ಆರ್132ಎಚ್ ಒಂದನ್ನೇ ಗುರುತಿಸುತ್ತದೆ. ಹಿಸ್ಟಿಡಿನ್ ಬದಲು ಸಿಸ್ಟೀನ್, ಸೆರಿನ್, ಗ್ಲೈಸಿನ್ ಬಂದು ಕೂತಿದ್ದರೆ, ಅಥವಾ ದೋಷ ಐಡಿಎಚ್2ರಲ್ಲಿದ್ದರೆ ಬಣ್ಣ ಬರುವುದಿಲ್ಲ. ಈ ಎಲ್ಲ ರೂಪಾಂತರಗಳೂ 2-ಎಚ್‌ಜಿಯನ್ನೇ ತಯಾರಿಸುವುದರಿಂದ ಯಂತ್ರಕ್ಕೆ ಅವುಗಳ ನಡುವೆ ಭೇದವಿಲ್ಲ. ಜೀನ್ ಓದದೇ ಇರುವುದು ಇಲ್ಲಿ ಅನುಕೂಲವೇ ಆಯಿತು.

ಎಲ್ಲಿ ತಪ್ಪುತ್ತದೆ? ಮೊದಲಿಗೆ ಚೂರು. ಸತ್ತ ಅಂಗಾಂಶ, ಕಾಟರಿಯಿಂದ ಸುಟ್ಟ ಅಂಚು, ರಕ್ತ ಹೆಪ್ಪುಗಟ್ಟಿದ ಭಾಗ, ಸಿಸ್ಟಿನ ದ್ರವ — ಇವುಗಳಲ್ಲಿ ಗ್ಲುಟಮೇಟೇ ಕುಸಿದಿರುತ್ತದೆ. ಸಣ್ಣದನ್ನು ಸಣ್ಣದರಿಂದ ಭಾಗಿಸಿದರೆ ಬರುವ ಅನುಪಾತಕ್ಕೆ ಅರ್ಥವಿಲ್ಲ. ಅದು ಹೇಗೂ ಕುಣಿಯುತ್ತದೆ. ಆದ್ದರಿಂದ ಗ್ಲುಟಮೇಟಿನ ಸಂಕೇತ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ‘ಫಲಿತಾಂಶ ಇಲ್ಲ, ಮತ್ತೊಂದು ಚೂರು ಕಳಿಸಿ’ ಎಂದೇ ವರದಿಯಾಗಬೇಕು. ಹೌದು, ಅಲ್ಲ ಎಂಬ ಎರಡೇ ಉತ್ತರಗಳ ಯಂತ್ರ ಥಿಯೇಟರಿಗೆ ಅಪಾಯಕಾರಿ. ತಯಾರಕರು ಪರದೆಯ ಮೇಲೆ ಹಸಿರು-ಕೆಂಪು ದೀಪ ತೋರಿಸಲು ಇಷ್ಟಪಡುತ್ತಾರೆ. ಹಳದಿಯನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕಾಗುತ್ತದೆ.

ಎರಡನೆಯದು ಸಲೈನ್. 2-ಎಚ್‌ಜಿಯೂ ಗ್ಲುಟಮೇಟೂ ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಚೂರನ್ನು ಸಲೈನ್ ಬಾಟಲಿಯಲ್ಲಿ ತೇಲಿಬಿಟ್ಟು ಕಳಿಸಿದರೆ ಅಳೆಯಬೇಕಾದದ್ದು ಬಾಟಲಿಗೇ ಇಳಿದುಹೋಗುತ್ತದೆ, ಮೇಲಾಗಿ ಉಪ್ಪು ಅಯಾನುಗಳ ಹುಟ್ಟನ್ನೇ ಅದುಮುತ್ತದೆ. ಅಲ್ಟ್ರಾಸಾನಿಕ್ ಆಸ್ಪಿರೇಟರ್ ಹೀರಿದ ನೀರುನೀರು ಅಂಗಾಂಶಕ್ಕೂ ಇದೇ ಪಾಡು. ಫಾರ್ಮಲಿನ್‌ಗೆ ಬಿದ್ದ ಚೂರಂತೂ ಈ ಪರೀಕ್ಷೆಗೆ ಕೆಲಸಕ್ಕೆ ಬಾರದು. ಬೇಕಾದದ್ದು ಅಕ್ಕಿಕಾಳಿನಷ್ಟು ಹಸಿ ಅಂಗಾಂಶ, ಒಣ ಸ್ಟೆರೈಲ್ ಪೆಟ್ರಿ ಡಿಶ್, ಮುಚ್ಚಳ, ಮೇಲೊಂದು ಲೇಬಲ್. ಲೇಬಲ್ಲಿನಲ್ಲಿ ‘ನಡುಭಾಗ’, ‘ಹಿಂಬದಿ ಅಂಚು’ ಎಂದು ಜಾಗ ಬರೆದಿರಬೇಕು. ಚೂರು ತೆಗೆದ ಜಾಗವನ್ನು ಸ್ಕ್ಯಾನ್ ಚಿತ್ರದಲ್ಲಿ ತೋರಿಸುವ ನ್ಯಾವಿಗೇಷನ್ ಬಿಂದುವಿನ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಹಿಂದಿನ ಮಾದರಿಯ ಶೇಷ. ಒಂದು ಐಡಿಎಚ್ ಗೆಡ್ಡೆ ಅಳೆದ ಮೇಲೆ ಯಂತ್ರದ ಬಾಯಿಯಲ್ಲಿ 2-ಎಚ್‌ಜಿ ಅಂಟಿಕೊಂಡಿದ್ದರೆ ಮುಂದಿನ ಚೂರು ಸುಳ್ಳೇ ಪಾಸಿಟಿವ್ ಆಗಬಹುದು. ಪ್ರತಿ ಎರಡು ಚೂರುಗಳ ನಡುವೆ ಖಾಲಿ ಸ್ಲೈಡ್ ಅಥವಾ ಖಾಲಿ ಕಾಗದ ಹಾಯಿಸಿ ಸಂಕೇತ ಇಳಿದಿದೆಯೇ ನೋಡಬೇಕು. ಬೆಳಿಗ್ಗೆ ಮೊದಲ ಕೇಸಿಗೆ ಮುನ್ನ, ಗೊತ್ತಿರುವ ಅನುಪಾತದ 2-ಎಚ್‌ಜಿ ಮತ್ತು ಗ್ಲುಟಮೇಟ್ ದ್ರಾವಣವನ್ನು ಹಾಯಿಸಿ ನೋಡುವುದೂ ಅಷ್ಟೇ ಅಗತ್ಯ.

ಅಂಚಿನ ವಿಷಯದಲ್ಲಿ ಇನ್ನೊಂದು ಎಚ್ಚರ. 2-ಎಚ್‌ಜಿ ಗೆಡ್ಡೆಯ ಕೋಶದೊಳಗೇ ಕಟ್ಟಿಹಾಕಿಕೊಂಡಿರುವ ವಸ್ತುವಲ್ಲ, ಹೊರಗೂ ಸೋರುತ್ತದೆ. ಅಂಚಿನಲ್ಲಿ ಅದು ಸಿಕ್ಕಿತೆಂದ ಮಾತ್ರಕ್ಕೆ ಅಲ್ಲಿ ಗೆಡ್ಡೆಯ ಕೋಶಗಳು ಇಂತಿಷ್ಟೇ ಇವೆ ಎಂದು ಹೇಳಲಾಗದು. ಇನ್ನೊಂದು ಬದಿಯಿಂದ, ಕೋಶಗಳು ವಿರಳವಾಗಿ ಹರಡಿದ್ದರೆ ಅನುಪಾತ ಗಡಿಗಿಂತ ಕೆಳಗೇ ಉಳಿದೀತು. ಆಮ್ಲಜನಕ ಕಡಿಮೆಯಾದ ಅಂಗಾಂಶ ಇದೇ ಅಣುವಿನ ಕನ್ನಡಿ ರೂಪವನ್ನು ಸ್ವಲ್ಪಮಟ್ಟಿಗೆ ತಯಾರಿಸುತ್ತದೆ. ಈ ನೇರ ಅಳತೆಗೆ ಎಡಗೈ ಬಲಗೈ ಭೇದ ತಿಳಿಯುವುದಿಲ್ಲ. ನಡುಭಾಗದಲ್ಲಿ ನೂರು ಪಟ್ಟಿನ ಅಂತರವಿರುವಾಗ ಇದರಿಂದ ತೊಂದರೆಯಿಲ್ಲ, ಅಂಚಿನ ಸಣ್ಣ ಸಂಖ್ಯೆಗಳಲ್ಲಿ ಇದೆ. ಮಾತು, ಕೈಕಾಲಿನ ಬಲ ನಿಯಂತ್ರಿಸುವ ಜಾಗದ ಪಕ್ಕ ಎಷ್ಟು ಕತ್ತರಿಸಬೇಕೆಂಬುದನ್ನು ರೋಗಿಯನ್ನು ಎಚ್ಚರವಿಟ್ಟು ಮಾಡುವ ಮ್ಯಾಪಿಂಗ್ ತೀರ್ಮಾನಿಸಬೇಕೇ ಹೊರತು ಈ ಸಂಖ್ಯೆಯಲ್ಲ.

ಇನ್ನು ಯಂತ್ರ ಹೇಳಲಾಗದ್ದರ ಪಟ್ಟಿ ಚಿಕ್ಕದಲ್ಲ. ಐಡಿಎಚ್ ದೋಷವಿದೆ ಎಂದ ಮೇಲೆ ಅದು ಆಸ್ಟ್ರೋಸೈಟೋಮಾವೋ ಆಲಿಗೊಡೆಂಡ್ರೋಗ್ಲಯೋಮಾವೋ ಎಂಬುದನ್ನು ನಿರ್ಧರಿಸುವುದು 1ನೇ ವರ್ಣತಂತುವಿನ ಚಿಕ್ಕ ತೋಳು ಮತ್ತು 19ನೆಯದರ ಉದ್ದ ತೋಳು ಎರಡೂ ಕಳೆದಿವೆಯೇ ಎಂಬುದು. ಅದು 2-ಎಚ್‌ಜಿಯಿಂದ ತಿಳಿಯದು. ಆಸ್ಟ್ರೋಸೈಟೋಮಾವನ್ನು ನೇರ 4ನೇ ದರ್ಜೆಗೆ ಏರಿಸುವ ಸಿಡಿಕೆಎನ್2ಎ/ಬಿ ಜೀನ್‌ಗಳ ನಷ್ಟ ತಿಳಿಯದು. ದೋಷವಿಲ್ಲದ ಗೆಡ್ಡೆ ಗ್ಲಯೋಬ್ಲಾಸ್ಟೋಮಾ ಎಂದು ಖಚಿತಪಡಿಸುವ ಟರ್ಟ್, ಇಜಿಎಫ್‌ಆರ್ ಜೀನ್‌ಗಳ, 7 ಮತ್ತು 10ನೇ ವರ್ಣತಂತುಗಳ ಬದಲಾವಣೆ ತಿಳಿಯದು. ಮಕ್ಕಳ ಗೆಡ್ಡೆಗಳಲ್ಲಿ ಮುಖ್ಯವಾದ ಎಚ್3 ಕೆ27 ದೋಷವೂ ಅಷ್ಟೆ. ಅಂದಮೇಲೆ ‘ಮಿದುಳು ಗೆಡ್ಡೆಯ ರೂಪಾಂತರಗಳನ್ನು ಪತ್ತೆ ಮಾಡುವ’ ಎಂಬ ಬಹುವಚನ ಅತಿಯಾಯಿತು. ಈಗಿನ ಮಟ್ಟಿಗೆ ಆಪರೇಷನ್ ನಡುವೆ ಮಾಸ್ ಸ್ಪೆಕ್ಟ್ರೋಮೀಟರ್ ಗಟ್ಟಿಯಾಗಿ ಹೇಳಬಲ್ಲದ್ದು ಐಡಿಎಚ್ ಒಂದನ್ನೇ.

ಈ ಉಳಿದ ಪ್ರಶ್ನೆಗಳಿಗೆ ಬೇರೆ ದಾರಿಗಳು ತೆರೆಯುತ್ತಿವೆ. ನೆದರ್ಲೆಂಡ್ಸ್‌ನ ತಂಡ 2023ರಲ್ಲಿ ನ್ಯಾನೊಪೋರ್ ಸೀಕ್ವೆನ್ಸಿಂಗ್ ಬಳಸಿ ಡಿಎನ್‌ಎಯ ಮಿಥೈಲೇಷನ್ (ಡಿಎನ್‌ಎಗೆ ಅಂಟಿರುವ ರಾಸಾಯನಿಕ ಗುರುತು) ಓದಿ, 25 ಆಪರೇಷನ್‌ಗಳಲ್ಲಿ 90 ನಿಮಿಷದೊಳಗೆ ಉತ್ತರ ಕೊಡಲು ಯತ್ನಿಸಿತು: 18 ಸರಿ, ಉಳಿದ 7ರಲ್ಲಿ ಗಣಕ ‘ಖಾತರಿಯಿಲ್ಲ’ ಎಂದಿತು. ಆ ಏಳರಲ್ಲಿ ತಪ್ಪು ಹೇಳದೆ ಸುಮ್ಮನಿದ್ದದ್ದನ್ನು ನಾವು ಗುಣವೆಂದೇ ಎಣಿಸುತ್ತೇವೆ. ಮಿಷಿಗನ್‌ನ ತಂಡ ಅದೇ ವರ್ಷ ಲೇಸರ್ ಚಿತ್ರಗಳಿಂದ ಒಂದೂವರೆ ನಿಮಿಷದಲ್ಲಿ ಐಡಿಎಚ್ ಸಹಿತ ಅಣುಮಟ್ಟದ ಗುರುತುಗಳನ್ನು ಸರಾಸರಿ ಶೇ 93ರ ನಿಖರತೆಯಲ್ಲಿ ಊಹಿಸಿತು. ಅದು ಕೋಶಗಳ ಚಹರೆ ನೋಡಿ ಮಾಡುವ ಊಹೆ. ಮಾಸ್ ಸ್ಪೆಕ್ಟ್ರೋಮೀಟರಿನದು ನೇರ ಅಳತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತರವಲ್ಲ.

ಕರ್ನಾಟಕದ ವಿಷಯ. ಈ ವಿಧಾನಕ್ಕೆ ಬೇಕಾದ ಕೌಶಲದ ಅರ್ಧ ನಮ್ಮಲ್ಲಿ ಈಗಾಗಲೇ ಇದೆ ಎಂಬುದು ಉತ್ಪ್ರೇಕ್ಷೆಯಲ್ಲ. ಸ್ಕ್ವಾಶ್ ಸ್ಮಿಯರ್ ನಮ್ಮ ನರಶಸ್ತ್ರ ಕೇಂದ್ರಗಳಲ್ಲಿ ದಿನನಿತ್ಯದ ಕೆಲಸ. ಡೆಸಿಗೆ ಬೇಕಾದದ್ದೂ ಅದೇ ಸ್ಮಿಯರ್, ಬಣ್ಣ ಹಾಕುವ ಮುನ್ನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ರೋಗಶಾಸ್ತ್ರಕ್ಕೆಂದೇ ವಿಭಾಗವಿದೆ, ಮಿದುಳಿನ ಅಂಗಾಂಶ ಸಂಗ್ರಹವೂ ಇದೆ. ನವಜಾತ ಶಿಶುಗಳ ಚಯಾಪಚಯ ದೋಷ ಹುಡುಕುವ ಲ್ಯಾಬ್‌ಗಳಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಹಳೆಯ ಪರಿಚಯ. 2-ಎಚ್‌ಜಿಯೂ ಅವರಿಗೆ ಹೊಸದಲ್ಲ, ಅದು ಮೂತ್ರದಲ್ಲಿ ಹೆಚ್ಚುವ ಅಪರೂಪದ ಆನುವಂಶಿಕ ಕಾಯಿಲೆಯೇ ಒಂದಿದೆ. ಇಲ್ಲದಿರುವುದು ಈ ಮೂರು ಕಡೆಯವರ ನಡುವಿನ ಓಡಾಟ.

ಆದ್ದರಿಂದ ಮೊದಲ ಹೆಜ್ಜೆ ಟೆಂಡರ್ ಕರೆಯುವುದಲ್ಲ. ಗೆಡ್ಡೆಯ ಚೂರು ಫಾರ್ಮಲಿನ್‌ಗೆ ಬೀಳುವ ಮುನ್ನ ಒಂದು ಸಣ್ಣ ಭಾಗವನ್ನು ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುವ ವ್ಯವಸ್ಥೆ ಮಾಡಬೇಕು. ಹಾಗೆ ಇಟ್ಟ ಚೂರುಗಳ ಮೇಲೆ, ಇರುವ ಯಾವುದಾದರೂ ಲ್ಯಾಬಿನ ಯಂತ್ರದಲ್ಲಿ, ಫಲಿತಾಂಶವನ್ನು ಶಸ್ತ್ರವೈದ್ಯರಿಗೆ ಹೇಳದೆ, ಅನುಪಾತ ಅಳೆದು ಸೀಕ್ವೆನ್ಸಿಂಗ್ ಜೊತೆ ತಾಳೆ ನೋಡಬೇಕು. ಗಡಿಸಂಖ್ಯೆ ಕುದುರಿದ ಮೇಲಷ್ಟೇ ಯಂತ್ರ ಥಿಯೇಟರಿನ ಹತ್ತಿರಕ್ಕೆ ಬರಲಿ. ಹತ್ತಿರಕ್ಕೆ ಎಂದೆವು, ಒಳಗೆ ಎನ್ನಲಿಲ್ಲ: ಮೆಥನಾಲ್ ಆವಿ, ಸಾವಿರಾರು ವೋಲ್ಟ್, ಆಮ್ಲಜನಕ, ಕಾಟರಿ ಇವೆಲ್ಲ ಒಂದೇ ಕೋಣೆಯಲ್ಲಿ ಕೂಡಿರುವುದು ಬೇಡ. ಪಕ್ಕದ ಫ್ರೋಜನ್ ಸೆಕ್ಷನ್ ಕೋಣೆಯೇ ಸರಿಯಾದ ಜಾಗ. ಅಲ್ಲಿ ಹೊಗೆಕೊಳವೆ ಬೇಕು, ನೈಟ್ರೋಜನ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಯುಪಿಎಸ್ ಬೇಕು. ಕರೆಂಟ್ ಹೋಗಿ ನಿರ್ವಾತ ಒಡೆದರೆ ದೊಡ್ಡ ಯಂತ್ರ ಮತ್ತೆ ಸ್ಥಿರವಾಗಲು ಗಂಟೆಗಟ್ಟಲೆ ಕಾಯಬೇಕು. ತಲೆಬುರುಡೆ ತೆರೆದಿಟ್ಟ ರೋಗಿ ಕಾಯಲಾರರು. ಪುಟ್ಟ ಯಂತ್ರಗಳು ಈ ದೃಷ್ಟಿಯಿಂದ ವಾಸಿ. ವರದಿ ಕೊಡುವ ಲ್ಯಾಬಿಗೆ ಲ್ಯಾಬ್‌ಗಳ ಗುಣಮಟ್ಟ ಪರಿಶೀಲಿಸುವ ಎನ್‌ಎಬಿಎಲ್‌ನ ಮಾನ್ಯತೆಯ ಶಿಸ್ತು ಇರಬೇಕೆಂದು ಬೇರೆ ಹೇಳಬೇಕಿಲ್ಲ.

ಕಡೆಯದಾಗಿ ರೋಗಿಗಳ ಮನೆಯವರಿಗೆ ಒಂದೆರಡು ಮಾತು, ಯಂತ್ರ ಬರಲಿ ಬಿಡಲಿ. ಗ್ಲಯೋಮಾದ ಅಂತಿಮ ವರದಿಯಲ್ಲಿ ಐಡಿಎಚ್ ಸ್ಥಿತಿ ಬರೆದಿದೆಯೇ ನೋಡಿ. ‘ಆರ್132ಎಚ್ ನೆಗೆಟಿವ್’ ಎಂದಷ್ಟೇ ಇದ್ದು, ರೋಗಿಯ ವಯಸ್ಸು 55ಕ್ಕಿಂತ ಕಡಿಮೆಯಿದ್ದರೆ, ಐಡಿಎಚ್1 ಮತ್ತು ಐಡಿಎಚ್2 ಸೀಕ್ವೆನ್ಸಿಂಗ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. 2023ರಲ್ಲಿ ಪ್ರಕಟವಾದ, 331 ರೋಗಿಗಳ ಪ್ರಯೋಗವೊಂದರಲ್ಲಿ ಈ ಕೆಟ್ಟ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆ, 2ನೇ ದರ್ಜೆಯ ಐಡಿಎಚ್ ಗ್ಲಯೋಮಾ ಮತ್ತೆ ಬೆಳೆಯದೆ ಇರುವ ಮಧ್ಯಮ ಅವಧಿಯನ್ನು 11.1 ತಿಂಗಳಿಂದ 27.7 ತಿಂಗಳಿಗೆ ಹಿಗ್ಗಿಸಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದೆ. ಈ ಮಾತ್ರೆ ಯಾರಿಗೆ ಸಲ್ಲುತ್ತದೆ ಎಂಬುದು ನಿಂತಿರುವುದೂ ಅದೇ ಐಡಿಎಚ್ ವರದಿಯ ಮೇಲೆ. ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್ ಎಲ್ಲಿದೆ, ಎಷ್ಟು ವರ್ಷ ಕಾದಿಡುತ್ತಾರೆ, ಬೇರೆ ಲ್ಯಾಬಿಗೆ ಬೇಕಾದಾಗ ಯಾರನ್ನು ಕೇಳಬೇಕು ಎಂಬುದನ್ನು ಡಿಸ್ಚಾರ್ಜ್ ದಿನವೇ ಬರೆಸಿಟ್ಟುಕೊಳ್ಳಿ.

— ನರ ರೋಗಶಾಸ್ತ್ರ ಮತ್ತು ರಾಸಾಯನಿಕ ವಿಶ್ಲೇಷಣೆಯ ಕ್ಷೇತ್ರಗಳಲ್ಲಿರುವ ಇಬ್ಬರು ಓದುಗರು, ಬೆಂಗಳೂರು